ಬಳಸಿದ ನೀರು ಮತ್ತೆ ಕುಡಿಯುವ ನೀರಾಗುವುದನ್ನು ಊರಿಗೆ ತಿಳಿಸುವುದು ಹೇಗೆ: ಹೊಸೂರು ಸೀಮೆಗೊಂದು ಮಾರ್ಗದರ್ಶಿ

ತಮಿಳುನಾಡಿನ ಹೊಸೂರು ಸೀಮೆಯಲ್ಲಿ ಬಳಸಿದ ನೀರನ್ನು ಶುದ್ಧ ಮಾಡಿ ಕುಡಿಯಲು ಕೊಡುವ ಮಾತೆತ್ತಿದರೆ ಜನ ಮೊದಲು ತೋರಿಸುವುದು ಕೆಲವರಪಳ್ಳಿ ಅಣೆಕಟ್ಟೆಯ ನೊರೆಯನ್ನು. ತೋರಿಸಬೇಕಾದದ್ದೇ. ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ಬರುವ ಬೆಂಗಳೂರಿನ ಮೋರಿ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಗಡಿ ದಾಟಿ, ಈ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ಮಳೆ ಹೊಯ್ದು ಗೇಟು ಎತ್ತಿದಾಗ ಕೆಳಗೆ ನೊರೆಯ ರಾಶಿ ಏಳುತ್ತದೆ. ಅದೇ ನದಿ ಮುಂದೆ ಕೃಷ್ಣಗಿರಿ ಅಣೆಕಟ್ಟೆಗೂ ಸಾತನೂರು ಅಣೆಕಟ್ಟೆಗೂ ಹೋಗುತ್ತದೆ, ದಾರಿಯುದ್ದಕ್ಕೂ ಬಾವಿ, ಬೋರ್‌ವೆಲ್‌ಗಳಿಗೆ ಇಳಿಯುತ್ತದೆ. ಅಂದರೆ ಬಳಸಿದ ನೀರಿನ ಮರುಬಳಕೆ ನಮ್ಮಲ್ಲಿ ಆಗಲೇ ನಡೆದಿದೆ. ಅದಕ್ಕೆ ಯೋಜನೆಯಿಲ್ಲ, ಅಳತೆಯಿಲ್ಲ, ಇಂಥವರ ಜವಾಬ್ದಾರಿ ಎಂಬುದೂ ಇಲ್ಲ.

ಈ ಬರಹ ಹೊಸೂರು, ಬಾಗಲೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ವಾರ್ಡ್ ಸದಸ್ಯರು, ಶಾಲಾ ಶಿಕ್ಷಕರು, ಮಹಿಳಾ ಸಂಘದವರು ಮತ್ತು ಶುದ್ಧೀಕರಣ ಘಟಕದ ಎಂಜಿನಿಯರುಗಳಿಗೆ. ಜನರಿಗೆ ಈ ವಿಷಯವನ್ನು ಹೇಗೆ ತಿಳಿಸಬೇಕು, ಏನನ್ನು ತೋರಿಸಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಹಂತಹಂತವಾಗಿ ಹೇಳುತ್ತೇವೆ. ಒಂದು ಮಾತನ್ನು ಮೊದಲಿಗೇ ಹೇಳಿಬಿಡಬೇಕು: ನೀರು ಎಷ್ಟು ಶುದ್ಧ ಎಂದು ಹೊಗಳಿದಷ್ಟೂ ಜನರ ಅನುಮಾನ ಹೆಚ್ಚುತ್ತದೆ. ಯಂತ್ರ ಕೆಟ್ಟ ದಿನ ನೀರು ಎಲ್ಲಿಗೆ ಹೋಗುತ್ತದೆ, ಅದು ಯಾರಿಗೆ ಗೊತ್ತಾಗುತ್ತದೆ ಎಂದು ತೋರಿಸಿದಾಗಲೇ ಅವರು ಕೂತು ಕೇಳುತ್ತಾರೆ.

ಹಂತ 1: ಯಾವ ದರ್ಜೆಯ ನೀರು ಎಂದು ಮೊದಲು ಬಿಡಿಸಿ ಹೇಳಿ

ಗೊಂದಲ ಹುಟ್ಟುವುದೇ ಇಲ್ಲಿ. ಸಂಸ್ಕರಿಸಿದ ನೀರು ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ನೀರು ಅಡಗಿವೆ.

ಒಂದು, ಎರಡನೇ ಹಂತದವರೆಗೆ ಶುದ್ಧವಾದ ನೀರು. ಗಾಳಿ ಊದಿ, ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸಿ, ಕೆಸರು ಇಳಿಸಿ, ಕ್ಲೋರಿನ್ ಹಾಕಿ ಬಿಡುವುದು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ 2018ರಿಂದ ಹೋಗುತ್ತಿರುವುದು ಈ ಬಗೆಯ ನೀರು. ದಿನಕ್ಕೆ 44 ಕೋಟಿ ಲೀಟರ್ ಕಳಿಸುವ ಯೋಜನೆ ಅದು. ಕೆರೆ ತುಂಬಿಸಿ ಅಂತರ್ಜಲ ಏರಿಸುವುದು ಅದರ ಉದ್ದೇಶ, ನೇರ ಕುಡಿಯಲು ಅಲ್ಲ. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿ ಗಲಾಟೆಯಾಯಿತು. ನಮ್ಮ ಕಡೆಯವರಿಗೆ ಕೋಲಾರದಲ್ಲಿ ನೆಂಟರಿದ್ದಾರೆ, ಆ ಸುದ್ದಿ ಎಲ್ಲರಿಗೂ ಗೊತ್ತು. ಆದ್ದರಿಂದ ಸಭೆಯಲ್ಲಿ ಅದನ್ನು ನೀವೇ ಎತ್ತಿ ಹೇಳಿ.

ಎರಡು, ಕಾರ್ಖಾನೆ ದರ್ಜೆಯ ನೀರು. ಚೆನ್ನೈನ ಕೋಯಂಬೇಡು ಮತ್ತು ಕೊಡುಂಗೈಯೂರಿನಲ್ಲಿ ತಲಾ ದಿನಕ್ಕೆ 4.5 ಕೋಟಿ ಲೀಟರ್ ಮೋರಿ ನೀರನ್ನು ಆರ್‌ಓವರೆಗೆ, ಅಂದರೆ ಉಪ್ಪನ್ನೂ ತಡೆಯುವ ಪೊರೆ ದಾಟಿಸುವವರೆಗೆ ಶುದ್ಧ ಮಾಡಿ ಕೈಗಾರಿಕೆಗಳಿಗೆ ಕೊಡುವ ಘಟಕಗಳಿವೆ.

ಮೂರು, ಕುಡಿಯುವ ದರ್ಜೆ. ಇದರಲ್ಲೂ ಎರಡು ದಾರಿ. ಶುದ್ಧ ಮಾಡಿದ ನೀರನ್ನು ಜಲಾಶಯಕ್ಕೋ ಭೂಮಿಗೋ ಬಿಟ್ಟು, ಅಲ್ಲಿಂದ ಮತ್ತೆ ಎತ್ತಿ, ಇನ್ನೊಮ್ಮೆ ಶೋಧಿಸಿ ಕೊಡುವುದು ಒಂದು. ಸಿಂಗಪುರ 2003ರಿಂದ, ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ 2008ರಿಂದ ಹೀಗೆ ಮಾಡುತ್ತಿವೆ. ಸಿಂಗಪುರದಲ್ಲಿ ಅದರ ಬಹುಪಾಲು ಕೈಗಾರಿಕೆಗೆ ಹೋಗುತ್ತದೆ, ಒಂದು ಪಾಲು ಜಲಾಶಯ ಸೇರುತ್ತದೆ. ನಡುವೆ ಜಲಾಶಯವಿಲ್ಲದೆ ನೇರವಾಗಿ ಊರಿನ ನೀರಿಗೆ ಬೆರೆಸುವುದು ಇನ್ನೊಂದು. ನಮೀಬಿಯಾದ ವಿಂಡ್‌ಹುಕ್ ನಗರ ಇದನ್ನು 1968ರಲ್ಲೇ ಶುರು ಮಾಡಿತು. ಈಗಿನ ಘಟಕದ ಸಾಮರ್ಥ್ಯ ದಿನಕ್ಕೆ 2.1 ಕೋಟಿ ಲೀಟರ್.

ಈ ಮೂರನ್ನೂ ದೊಡ್ಡ ಹಾಳೆಯಲ್ಲಿ ಅಡ್ಡ ಸಾಲಾಗಿ ಬರೆದು, ನೀವು ಮಾತಾಡುತ್ತಿರುವುದು ಯಾವುದರ ಬಗ್ಗೆ ಎಂದು ಬೆರಳಿಟ್ಟು ತೋರಿಸಿ. ಕೆಲವರಪಳ್ಳಿಯ ನೊರೆ ಈ ಮೂರರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಅರ್ಧಂಬರ್ಧ ಶುದ್ಧವಾದ ಮತ್ತು ಶುದ್ಧವೇ ಆಗದ ನೀರಿನಲ್ಲಿ ಉಳಿದ ಸಾಬೂನು, ಡಿಟರ್ಜೆಂಟು ಎತ್ತರದಿಂದ ಧುಮುಕಿದಾಗ ಗಾಳಿ ಹಿಡಿದು ಏಳುವ ನೊರೆ ಅದು.

ಹಂತ 2: ಊರಿನ ನೀರಿನ ಲೆಕ್ಕವನ್ನು ಜನರಿಂದಲೇ ಮಾಡಿಸಿ

ಸಭೆಗೆ ಒಂದು ಚಾರ್ಟು, ನಾಲ್ಕು ಬಣ್ಣದ ಪೆನ್ನು ಸಾಕು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ, ಅವರೇ ಬರೆಯಲಿ: ಕಾವೇರಿಯ ಹೊಗೇನಕಲ್ಲಿನಿಂದ ಬರುವ ನಲ್ಲಿ ನೀರು, ಬೋರ್‌ವೆಲ್, ಟ್ಯಾಂಕರು, ಕ್ಯಾನು. ಆಮೇಲೆ ಬಚ್ಚಲಿನಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಹೆಚ್ಚಿನವರಿಗೆ ತಮ್ಮ ಮೋರಿ ಯಾವ ಕೆರೆಗೆ ಸೇರುತ್ತದೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ಹುಡುಕಿ ಗೆರೆ ಎಳೆದಾಗ ಅರ್ಧ ಪಾಠ ಮುಗಿದಂತೆ.

ಲೆಕ್ಕ ಹೀಗೆ. ಒಳಚರಂಡಿ ಇರುವ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. 1 ಲಕ್ಷ ಜನರಿಗೆ 1.35 ಕೋಟಿ ಲೀಟರ್. ಅದರಲ್ಲಿ ಸುಮಾರು ಶೇ 80ರಷ್ಟು, ಅಂದರೆ 1.08 ಕೋಟಿ ಲೀಟರ್, ಮೋರಿಗೆ ಹೋಗುತ್ತದೆ. ಆರ್‌ಓ ಮಾರ್ಗ ಹಿಡಿದರೆ ಅದರಲ್ಲಿ ಶೇ 75ರಿಂದ 80 ಕೈಗೆ ಸಿಗುತ್ತದೆ. ಒಟ್ಟಿನಲ್ಲಿ 80 ಲಕ್ಷ ಲೀಟರ್ ಆಸುಪಾಸು. ಮಳೆ ಬರಲಿ ಬಿಡಲಿ ಇದು ದಿನವೂ ಸಿಗುವ ನೀರು. ಆದರೆ ಈ ಲೆಕ್ಕ ಒಳಚರಂಡಿಗೆ ಜೋಡಣೆಯಾದ ಮನೆಗಳಿಗಷ್ಟೇ ಅನ್ವಯ ಎಂದು ಹೇಳಲು ಮರೆಯಬೇಡಿ. ಸೆಪ್ಟಿಕ್ ಟ್ಯಾಂಕು, ಪಿಟ್ಟು ಇರುವ ಬೀದಿಯ ನೀರು ಘಟಕಕ್ಕೆ ಬರುವುದೇ ಇಲ್ಲ.

ಹಂತ 3: ತಡೆಗಳನ್ನು ಒಂದೊಂದಾಗಿ ವಿವರಿಸಿ

ಇಲ್ಲಿ ಅವಸರ ಬೇಡ. ಒಂದು ಇಡೀ ಸಭೆಯನ್ನು ಇದಕ್ಕೇ ಕೊಡಿ.

ರಾಗಿ ಹಸನು ಮಾಡುವುದರಿಂದ ಆರಂಭಿಸಿದರೆ ಎಲ್ಲರಿಗೂ ಹಿಡಿಯುತ್ತದೆ. ಮೊರದಲ್ಲಿ ಕೇರಿದರೆ ಹೊಟ್ಟು ಹೋಗುತ್ತದೆ, ಕಲ್ಲು ಹೋಗುವುದಿಲ್ಲ. ಜರಡಿ ಹಿಡಿದರೆ ಮಣ್ಣು ಉದುರುತ್ತದೆ, ರಾಗಿಯಷ್ಟೇ ದಪ್ಪದ ಕಲ್ಲು ಉಳಿಯುತ್ತದೆ. ಒಂದೊಂದು ಕಸಕ್ಕೆ ಒಂದೊಂದು ಉಪಾಯ. ನೀರಿಗೂ ಹಾಗೆಯೇ.

ಮೊದಲ ತಡೆ ಘಟಕದ ಹೊರಗೇ ಇದೆ: ಕಾರ್ಖಾನೆಯ ನೀರು ಮನೆಗಳ ಮೋರಿಗೆ ಸೇರದಂತೆ ನೋಡಿಕೊಳ್ಳುವುದು. ಹೊಸೂರಿನಂಥ ಕೈಗಾರಿಕೆಯ ಊರಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಅಸಿಟೋನಿನಂಥ ಸಣ್ಣ ಅಣುವಿನ ದ್ರಾವಕಗಳು ಆರ್‌ಓ ಪೊರೆಯಲ್ಲೂ ನುಸುಳುತ್ತವೆ. ವಿಂಡ್‌ಹುಕ್‌ನಲ್ಲಿ ಕೈಗಾರಿಕೆಯ ಕೊಳಚೆಯನ್ನು ಮೊದಲಿನಿಂದಲೂ ಬೇರೆ ಕೊಳವೆಯಲ್ಲಿ ಬೇರೆ ಕಡೆಗೆ ಕಳಿಸುತ್ತಾರೆ. ಬಣ್ಣದ ಅಂಗಡಿ, ಗ್ಯಾರೇಜು, ಲೋಹಕ್ಕೆ ಲೇಪ ಹಾಕುವ ಸಣ್ಣ ಷೆಡ್ಡುಗಳ ಪಟ್ಟಿ ವಾರ್ಡಿನವರ ಬಳಿಯೇ ಇರಲಿ.

ಎರಡನೆಯದು ಜೈವಿಕ ಶುದ್ಧೀಕರಣ. ಒಳಬರುವ ನೀರಿನ ಬಿಓಡಿ, ಅಂದರೆ ಕೊಳೆಯುವ ಪದಾರ್ಥದ ಅಳತೆ, ಲೀಟರಿಗೆ 200–300 ಮಿಲಿಗ್ರಾಂ ಇರುತ್ತದೆ. ಹೊರಡುವಾಗ 10ಕ್ಕೆ ಇಳಿದಿರಬೇಕು. ಇದು ಸರಿಯಿಲ್ಲದಿದ್ದರೆ ಮುಂದಿನ ಪೊರೆಗಳು ವಾರಗಳಲ್ಲಿ ಲೋಳೆ ಕಟ್ಟುತ್ತವೆ.

ಮೂರನೆಯದು ಅಲ್ಟ್ರಾಫಿಲ್ಟರ್. ಶಾವಿಗೆಯಂಥ ಟೊಳ್ಳು ಎಳೆಗಳು, ಅವುಗಳ ತೂತು 0.01ರಿಂದ 0.04 ಮೈಕ್ರಾನ್. ಬ್ಯಾಕ್ಟೀರಿಯಾ ಅರ್ಧ ಮೈಕ್ರಾನಿಗಿಂತ ದೊಡ್ಡದು, ಆದ್ದರಿಂದ ತೂರಲಾರದು. ಎಳೆ ಹರಿದರೆ? ಈ ಪ್ರಶ್ನೆ ಬಂದೇ ಬರುತ್ತದೆ, ಬರದಿದ್ದರೆ ನೀವೇ ಕೇಳಿ. ದಿನಕ್ಕೊಮ್ಮೆ ನೀರು ನಿಲ್ಲಿಸಿ, ಎಳೆಗಳಿಗೆ ಗಾಳಿ ತುಂಬಿ, ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂದು ಕೆಲವು ನಿಮಿಷ ನೋಡುತ್ತಾರೆ. ಬೇಗ ಇಳಿದರೆ ಎಲ್ಲೋ ಹರಿದಿದೆ ಎಂದರ್ಥ, ಆ ಕಟ್ಟನ್ನು ಬಂದ್ ಮಾಡುತ್ತಾರೆ.

ನಾಲ್ಕನೆಯದು ಆರ್‌ಓ. 10ರಿಂದ 15 ಬಾರ್ ಒತ್ತಡದಲ್ಲಿ ನೀರು ಪೊರೆಯನ್ನು ದಾಟುತ್ತದೆ, ಉಪ್ಪಿನಂಶದಲ್ಲಿ ಶೇ 97ರಿಂದ 99 ಹಿಂದೆ ಉಳಿಯುತ್ತದೆ. ಔಷಧಿಗಳ ಶೇಷ, ಹಾರ್ಮೋನು, ವೈರಸ್ಸುಗಳೂ ಬಹುತೇಕ ಇಲ್ಲೇ ನಿಲ್ಲುತ್ತವೆ.

ಐದನೆಯದು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಹಾಯಿಸುವ ಯುವಿ, ಅಂದರೆ ಅತಿನೇರಳೆ ಬೆಳಕು. ಎನ್‌ಡಿಎಂಎ, 1,4-ಡಯಾಕ್ಸೇನ್‌ನಂಥ ಆರ್‌ಓ ದಾಟುವ ಸಣ್ಣ ಅಣುಗಳನ್ನು ಇದು ಒಡೆಯುತ್ತದೆ. ರೋಗಾಣು ಕೊಲ್ಲಲು ಸಾಕಾಗುವ ಯುವಿಗಿಂತ ಇಲ್ಲಿ ಹತ್ತಾರು ಪಟ್ಟು ಪ್ರಖರ ಬೆಳಕು ಬೇಕು.

ಕೊನೆಯಲ್ಲಿ ಸುಣ್ಣ ಅಥವಾ ಖನಿಜ ಬೆರೆಸಲೇಬೇಕು. ಆರ್‌ಓ ದಾಟಿದ ನೀರಿನ ಪಿಎಚ್ 6ಕ್ಕಿಂತ ಕೆಳಗಿಳಿಯಬಹುದು. ಹಾಗೇ ಬಿಟ್ಟರೆ ಕೊಳವೆಯ ಲೋಹವನ್ನೂ ಸಿಮೆಂಟನ್ನೂ ತಿನ್ನುತ್ತದೆ, ನಲ್ಲಿಯಲ್ಲಿ ಕೆಂಪು ನೀರು ಬರುತ್ತದೆ. ಆ ಕೆಂಪು ತುಕ್ಕಿನದು ಎಂದು ಜನರಿಗೆ ಯಾರೂ ಹೇಳಿರುವುದಿಲ್ಲ, ಮೋರಿ ನೀರು ಹಾಗೇ ಬಂತು ಎಂದುಕೊಳ್ಳುತ್ತಾರೆ.

ಈ ತಡೆಗಳನ್ನೆಲ್ಲ ಕೂಡಿಸಿ ಅಳೆಯುವುದು ಹೀಗೆ: 10 ರೋಗಾಣುಗಳಲ್ಲಿ 9 ತೆಗೆದರೆ ಒಂದು ಅಂಕ, 100ರಲ್ಲಿ 99 ತೆಗೆದರೆ ಎರಡು ಅಂಕ. ಶುದ್ಧ ಮಾಡಿದ ನೀರನ್ನು ಭೂಮಿಗೆ ಇಳಿಸುವ ಯೋಜನೆಗಳಿಗೆ ಕ್ಯಾಲಿಫೋರ್ನಿಯಾ ಕೇಳುವುದು ಮೋರಿಯಿಂದ ನಲ್ಲಿಯವರೆಗೆ ವೈರಸ್ಸಿಗೆ 12 ಅಂಕ, ಅಂದರೆ ಲಕ್ಷ ಕೋಟಿಯಲ್ಲಿ ಒಂದು ಉಳಿಯಬಹುದು. ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿಗಳಿಗೆ 10 ಅಂಕ. ಯಾವುದೇ ಒಂದು ತಡೆಗೆ 6ಕ್ಕಿಂತ ಹೆಚ್ಚು ಅಂಕ ಕೊಡುವುದಿಲ್ಲ, ಕನಿಷ್ಠ ಮೂರು ಬೇರೆ ಬೇರೆ ತಡೆಗಳಿರಬೇಕು. ಒಂದು ಕೈಕೊಟ್ಟರೆ ಉಳಿದವು ಹಿಡಿಯಲಿ ಎಂಬುದು ಆ ನಿಯಮದ ಒಳ ಅರ್ಥ. ಇದನ್ನು ಬಿಡಿಸಿ ಹೇಳಿದಾಗ ಜನರ ಮುಖದಲ್ಲಿ ಬಿಗಿ ಸಡಿಲುತ್ತದೆ.

ನಮ್ಮದು ಸಮುದ್ರ ದೂರದ ಸೀಮೆ. ಆರ್‌ಓ ಬಿಟ್ಟ ಉಪ್ಪು ನೀರು, ಒಟ್ಟು ನೀರಿನ ಕಾಲು ಭಾಗದವರೆಗೂ ಆಗುವಂಥದ್ದು, ನಾಲ್ಕೈದು ಪಟ್ಟು ಗಟ್ಟಿಯಾಗಿರುತ್ತದೆ. ಸಿಂಗಪುರ ಅದನ್ನು ಕಡಲಿಗೆ ಬಿಡಬಹುದು. ಇಲ್ಲಿ ಪಿನಾಕಿನಿಗೆ ಬಿಟ್ಟರೆ ಕೆಳಗಿನ ಟೊಮೆಟೊ, ಗುಲಾಬಿ ತೋಟಗಳಿಗೆ ಹೋಗುತ್ತದೆ. ವಿಂಡ್‌ಹುಕ್ ಕೂಡ ಒಳನಾಡಿನ ಎತ್ತರದ ಊರು, ಅಲ್ಲಿ ಆರ್‌ಓ ಇಲ್ಲ. ಓಜೋನ್, ಮರಳು ಸೋಸು, ಸಕ್ರಿಯ ಇದ್ದಿಲು, ಅಲ್ಟ್ರಾಫಿಲ್ಟರ್, ಕ್ಲೋರಿನ್ ಈ ಸಾಲು ಇಟ್ಟುಕೊಂಡು, ಬಂದ ನೀರನ್ನು ಬೇರೆ ಮೂಲದ ನೀರಿನೊಂದಿಗೆ ಬೆರೆಸುತ್ತಾರೆ. ಈ ದಾರಿಯಲ್ಲಿ ಉಪ್ಪು ನೀರಿನ ತಲೆನೋವಿಲ್ಲ, ಆದರೆ ಕರಗಿದ ಉಪ್ಪೂ ಹೋಗುವುದಿಲ್ಲ. ಎರಡರ ಒಳಿತು ಕೆಡುಕನ್ನೂ ಜನರ ಮುಂದಿಡಿ. ಉಪ್ಪು ನೀರು ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಆರ್‌ಓ ಯೋಜನೆಯ ಸಭೆ ಕರೆಯಬೇಡಿ.

ಹಂತ 4: ಮೇಜಿನ ಮೇಲಿನ ಪ್ರಯೋಗಗಳು

ನಮ್ಮ ಸೀಮೆಯಲ್ಲಿ ಬೋರ್‌ವೆಲ್ಲಿನ ಗಡಸು ನೀರು, ಫ್ಲೋರೈಡ್ ಕಾರಣಕ್ಕೆ ಮನೆಮನೆಗೆ ಆರ್‌ಓ ಬಂದಿದೆ. ಜನರಿಗೆ ಆ ಯಂತ್ರ ಗೊತ್ತು, ಮೀಟರು ಗೊತ್ತು. ಅಲ್ಲಿಂದ ಆರಂಭಿಸುವುದೇ ಸರಿ.

ಬೇಕಾದವು: ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದು, ಮಲದ ಸೋಂಕು ಪತ್ತೆ ಮಾಡುವ ಎಚ್‌ಟುಎಸ್ ಬಾಟಲಿ ಆರು (ಜಲ ಜೀವನ್ ಮಿಷನ್ನಿನ ಪರೀಕ್ಷಾ ಕಿಟ್‌ನಲ್ಲಿ ಇರುತ್ತವೆ), ಕ್ಲೋರಿನ್ ನೋಡುವ ಡಿಪಿಡಿ ಮಾತ್ರೆ, ಹರಳಿನ ಸಕ್ರಿಯ ಇದ್ದಿಲು 300 ಗ್ರಾಂ, ಮೆಥಿಲೀನ್ ಬ್ಲೂ ದ್ರಾವಣ ಒಂದು ಸಣ್ಣ ಸೀಸೆ, ಬಳಸಿ ಎಸೆದ ಆರ್‌ಓ ಮೆಂಬ್ರೇನ್ ಒಂದು. ಮೆಂಬ್ರೇನನ್ನು ಆರ್‌ಓ ರಿಪೇರಿಯವರು ಸುಮ್ಮನೆ ಕೊಡುತ್ತಾರೆ. ಅದನ್ನು ಉದ್ದಕ್ಕೆ ಸೀಳಿ ಬಿಚ್ಚಿಟ್ಟರೆ ಒಳಗೆ ಸುತ್ತಿದ ಹಾಳೆಗಳು, ಜಾಲರಿ, ನಡುವಿನ ತೂತಿನ ಕೊಳವೆ ಎಲ್ಲ ಕಾಣುತ್ತವೆ. ಮಕ್ಕಳು ಇದರ ಸುತ್ತಲೇ ನಿಲ್ಲುತ್ತಾರೆ.

ಇದ್ದಿಲಿನ ಪ್ರಯೋಗ: ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ ತಲೆಕೆಳಗು ಮಾಡಿ. ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ಒಂದೇ ತೂತು. ಒಳಗೆ ಹತ್ತಿ, ಅದರ ಮೇಲೆ ಎರಡು ಬೆರಳು ತೊಳೆದ ಮರಳು, ಮೇಲೆ ಇದ್ದಿಲು. ಇದ್ದಿಲನ್ನು ಹಿಂದಿನ ದಿನವೇ ನೀರು ತಿಳಿಯಾಗುವವರೆಗೆ ತೊಳೆಯಿರಿ. ತೊಳೆಯದಿದ್ದರೆ ಸಭೆಯಲ್ಲಿ ಕಪ್ಪು ನೀರು ಸುರಿಯುತ್ತದೆ, ಆಮೇಲೆ ಎಷ್ಟು ವಿವರಿಸಿದರೂ ಕೇಳುವವರಿಲ್ಲ. ಲೀಟರ್ ನೀರಿಗೆ ಎರಡು ಹನಿ ಮೆಥಿಲೀನ್ ಬ್ಲೂ, ಕಾಲು ಟೀ ಚಮಚ ಉಪ್ಪು ಹಾಕಿ ಕಲಕಿ. ಉಪ್ಪು ಒಂದೂವರೆ ಗ್ರಾಂ ಆಗುತ್ತದೆ, ಮೀಟರು ಸುಮಾರು 1500 ಏರುತ್ತದೆ. ಹನಿಹನಿಯಾಗಿ ಇಳಿಯಲಿ, ಲೀಟರಿಗೆ ಕಾಲು ಗಂಟೆಯಾದರೂ ಹಿಡಿಯಬೇಕು. ಕೆಳಗೆ ಬಣ್ಣವಿಲ್ಲದ ನೀರು ಬರುತ್ತದೆ, ಮೀಟರು ಮಾತ್ರ ಇಳಿದಿರುವುದಿಲ್ಲ. ಕಣ್ಣಿಗೆ ತಿಳಿ, ಒಳಗೆ ಉಪ್ಪು. ಈ ನೀರನ್ನು ಯಾರೂ ಕುಡಿಯದಂತೆ ಮೇಜಿನ ಬಳಿ ಒಬ್ಬರು ನಿಂತಿರಲಿ.

ರೋಗಾಣುವಿನ ಪ್ರಯೋಗ: ಇದನ್ನು ಎರಡು ದಿನ ಮೊದಲೇ ಇಡಬೇಕು. ಎಚ್‌ಟುಎಸ್ ಬಾಟಲಿಗೆ ಗುರುತಿನವರೆಗೆ, ಸಾಮಾನ್ಯವಾಗಿ 20 ಮಿಲಿಲೀಟರ್, ಕೆರೆ ನೀರು, ಕೈಪಂಪಿನ ನೀರು, ಆರ್‌ಓ ನೀರು ಬೇರೆ ಬೇರೆಯಾಗಿ ತುಂಬಿ ಮುಚ್ಚಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಮಲದ ಸೋಂಕಿದೆ ಎಂದು ಅನುಮಾನಿಸಬೇಕು. 30ರಿಂದ 37 ಡಿಗ್ರಿ ಶಾಖ ಬೇಕು. ಹೊಸೂರು ಎತ್ತರದ ಊರು, ಮಾರ್ಗಶಿರ–ಪುಷ್ಯದ ಚಳಿಯಲ್ಲಿ ಹೊರಗಿಟ್ಟರೆ ಕೆಟ್ಟ ನೀರೂ ಕಪ್ಪಾಗುವುದಿಲ್ಲ. ಬಟ್ಟೆ ಸುತ್ತಿ, ಬಿಸಿನೀರಿನ ಸೀಸೆ ಪಕ್ಕದಲ್ಲಿಟ್ಟ ಥರ್ಮಕೋಲ್ ಡಬ್ಬಿಯಲ್ಲಿಡಿ, ಬಿಸಿನೀರನ್ನು ಆಗಾಗ ಬದಲಿಸಿ. ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಬೆರೆಸಿ ಒಂದು ಗಂಟೆ ಬಿಟ್ಟು ಪಾಯಿಖಾನೆಗೆ ಸುರಿಯಿರಿ.

ಈಗ ಎರಡನ್ನೂ ಜೋಡಿಸಿ ತೋರಿಸಿ. ಟಿಡಿಎಸ್ 90 ತೋರಿಸಿದ ಕೆರೆ ನೀರು ಬಾಟಲಿಯಲ್ಲಿ ಕಪ್ಪಾಗಬಹುದು, 700 ತೋರಿಸಿದ ಬೋರ್‌ವೆಲ್ ನೀರು ಕಪ್ಪಾಗದಿರಬಹುದು. ಮೀಟರು ರೋಗಾಣುವನ್ನು ಅಳೆಯುವುದಿಲ್ಲ. ಜಾಗೃತಿ ಕಾರ್ಯಕ್ರಮಗಳಲ್ಲಿ ನಡೆಯುವ ಅತಿ ದೊಡ್ಡ ತಪ್ಪೇ ಇದು: ಮೀಟರು ಅದ್ದಿ, 30 ಬಂತು, ನೋಡಿ ಶುದ್ಧ ಎನ್ನುವುದು. ಜನ ಅದನ್ನೇ ನಂಬಿಕೊಂಡು ಹೋಗುತ್ತಾರೆ, ಆಮೇಲೆ ಎಲ್ಲ ನೀರನ್ನೂ ಆ ಒಂದು ಸಂಖ್ಯೆಯಿಂದ ತೂಗುತ್ತಾರೆ.

ಕಚ್ಚಾ ಮೋರಿ ನೀರನ್ನು ಶಾಲೆಗೆ, ಸಭೆಗೆ ತರಲೇಬೇಡಿ. ತೋರಿಸಲೇಬೇಕೆಂದರೆ ಘಟಕದ ಸಿಬ್ಬಂದಿಯೇ ಅದೇ ದಿನ ಮುಕ್ಕಾಲು ತುಂಬಿ ಮುಚ್ಚಿದ, ಮುಚ್ಚಳಕ್ಕೆ ಟೇಪು ಸುತ್ತಿದ ಬಾಟಲಿ ತಂದು, ಸಂಜೆ ಅವರೇ ಒಯ್ಯಲಿ. ರಾತ್ರಿ ಇಟ್ಟರೆ ಒಳಗೆ ಗ್ಯಾಸ್ ಕಟ್ಟುತ್ತದೆ.

ಹಂತ 5: ಘಟಕಕ್ಕೆ ಕರೆದೊಯ್ಯುವುದು, ರುಚಿ ನೋಡಿಸುವುದು

ಒಂದು ತಂಡಕ್ಕೆ 25 ಜನ ಸಾಕು. ಹೆಚ್ಚಾದರೆ ಪಂಪಿನ ಸದ್ದಿನಲ್ಲಿ ಹಿಂದಿದ್ದವರಿಗೆ ಏನೂ ಕೇಳುವುದಿಲ್ಲ. ಬೆಳಗ್ಗೆ ಹೋಗಿ, ಮುಚ್ಚಿದ ಚಪ್ಪಲಿ ಹಾಕಿಸಿ, ಕೈ ತೊಳೆಯಲು ಸಾಬೂನು ನೀರು ಇರಲಿ. ಮೊದಲು ಕಸ ಹಿಡಿಯುವ ಜಾಲರಿಯ ಬಳಿ ನಿಲ್ಲಿಸಿ. ವಾಸನೆ ಬರುತ್ತದೆ, ಬರಲಿ. ಅದನ್ನು ದಾಟಿಸಿ ಹೂತೋಟ ತೋರಿಸಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ.

ಕಂಟ್ರೋಲ್ ರೂಮಿನಲ್ಲಿ ಆಪರೇಟರನ್ನು ಮೂರು ವಿಷಯ ಕೇಳಿಸಿ: ಕಳೆದ ಸಲ ಅಲಾರಂ ಯಾವಾಗ ಹೊಡೆಯಿತು, ಆಗ ನೀರು ಎಲ್ಲಿಗೆ ತಿರುಗಿತು, ಮತ್ತೆ ಶುರು ಮಾಡಲು ಯಾರ ಸಹಿ ಬೇಕಾಯಿತು. ನೀರು ತಿರುಗಿಸುವ ವಾಲ್ವನ್ನು ಕಣ್ಣಾರೆ ತೋರಿಸಿ. ಅಲಾರಂ ಹೊಡೆಯುವುದೇ ಇಲ್ಲ ಎನ್ನುವ ಘಟಕಕ್ಕಿಂತ, ಹೊಡೆದದ್ದನ್ನು ದಾಖಲೆಯಲ್ಲಿ ತೋರಿಸುವ ಘಟಕ ಹೆಚ್ಚು ನಂಬಿಕೆಗೆ ಯೋಗ್ಯ.

ರುಚಿ ನೋಡಿಸುವುದು ಪ್ರಯೋಗಾಲಯದ ವರದಿ ಕೈಯಲ್ಲಿರುವ, ಖನಿಜ ಬೆರೆಸಿದ, ಮುಚ್ಚಿದ ಬಾಟಲಿಯ ನೀರನ್ನು ಮಾತ್ರ. ಗುರುತಿಲ್ಲದ ಮೂರು ಲೋಟದಲ್ಲಿ ಕ್ಯಾನ್ ನೀರು, ನಲ್ಲಿ ನೀರು, ಈ ನೀರು ಇಟ್ಟು, ಬೇಕಾದವರು ಕುಡಿಯಲಿ. ಸಿಂಗಪುರದಲ್ಲಿ 2002ರ ರಾಷ್ಟ್ರೀಯ ದಿನದಂದು ಸಾವಿರಾರು ಜನ ಒಟ್ಟಿಗೆ ಈ ನೀರಿನ ಬಾಟಲಿ ಎತ್ತಿ ಕುಡಿದರು. ಆದರೆ ಅದಕ್ಕೆ ಮೊದಲು ಪರೀಕ್ಷಾ ಘಟಕ ನಡೆಸಿ, ತಜ್ಞರ ಸಮಿತಿಯಿಂದ ಪರಿಶೀಲನೆ ಆಗಿತ್ತು. ಕುಡಿಯುವುದು ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಕುಡಿಯಲಾರೆ ಎಂದವರನ್ನು ಒತ್ತಾಯಿಸಬೇಡಿ, ನಗಬೇಡಿ. ಮಡಿಯಲ್ಲಿರುವವರು, ದೇವರ ಅಭಿಷೇಕಕ್ಕೆ ನೀರು ಒಯ್ಯುವವರು ಹೇಸಿಕೊಂಡರೆ ಅದು ತಿಳಿವಳಿಕೆಯ ಕೊರತೆಯಲ್ಲ, ಹೇಸಿಗೆಯೇ ಎಷ್ಟೋ ಕಾಲ ಮನುಷ್ಯರನ್ನು ಕಾಲರಾದಿಂದ ದೂರ ಇಟ್ಟದ್ದು. ಮುಸ್ಲಿಂ ಮನೆಗಳಲ್ಲಿ ವುಜೂಗೆ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು, ಆಗುತ್ತದೆಯೇ ಎಂದು ಕೇಳುತ್ತಾರೆ. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಧರ್ಮವಿದ್ವಾಂಸರ ಮಂಡಳಿ, ಬಣ್ಣ, ರುಚಿ, ವಾಸನೆ ಪೂರ್ತಿ ಹೋಗುವಷ್ಟು ಶುದ್ಧವಾದರೆ ಆಗುತ್ತದೆ ಎಂದು ಹೇಳಿದೆ, ಕುಡಿಯಲು ಮಾತ್ರ ಬೇರೆ ನೀರಿದ್ದರೆ ಅದೇ ಒಳ್ಳೆಯದು ಎಂದೂ ಹೇಳಿದೆ. ಎರಡು ಮಾತನ್ನೂ ಹೇಳಿ, ಮುಂದಿನದನ್ನು ಊರಿನ ಮಸೀದಿಯ ಹಿರಿಯರಿಗೆ ಬಿಡಿ.

ಹಂತ 6: ದಿನದ ಸಂಖ್ಯೆಗಳ ಫಲಕ

ಓವರ್‌ಹೆಡ್ ಟ್ಯಾಂಕಿನ ಕೆಳಗೆ, ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯ ಗೋಡೆಯ ಮೇಲೆ ಒಂದು ಹಲಗೆ. ಐದು ಸಾಲು ಸಾಕು: ಅಲ್ಟ್ರಾಫಿಲ್ಟರ್ ನಂತರದ ರಾಡಿ 0.1 ಎನ್‌ಟಿಯು (ರಾಡಿ ಅಳೆಯುವ ಮಾನ) ಒಳಗೆ, ಆರ್‌ಓ ನಂತರದ ಒಟ್ಟು ಸಾವಯವ ಇಂಗಾಲ ಲೀಟರಿಗೆ 0.5 ಮಿಲಿಗ್ರಾಂ ಒಳಗೆ, ನಲ್ಲಿಯ ತುದಿಯಲ್ಲಿ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ, 100 ಮಿಲಿಲೀಟರಿನಲ್ಲಿ ಇ-ಕೋಲೈ (ಮಲದ ಸೋಂಕಿನ ಗುರುತಾದ ಬ್ಯಾಕ್ಟೀರಿಯಾ) ಇಲ್ಲ, ಫ್ಲೋರೈಡ್ 1 ಮಿಲಿಗ್ರಾಂ ಒಳಗೆ. ಕೊನೆಯ ಮೂರು ಕುಡಿಯುವ ನೀರಿನ ಭಾರತೀಯ ಮಾನಕ 10500ರ ಮಿತಿಗಳು, ಅದರಲ್ಲಿ ಫ್ಲೋರೈಡಿಗೆ ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ಹೊಗೇನಕಲ್ ಯೋಜನೆಯೇ ಫ್ಲೋರೈಡ್ ಕಾಟ ನೀಗಲು 2013ರಲ್ಲಿ ಬಂದದ್ದರಿಂದ ಈ ಸಾಲನ್ನು ಜನ ಮೊದಲು ಓದುತ್ತಾರೆ.

ಕೆಟ್ಟ ದಿನದ ಸಂಖ್ಯೆಯನ್ನೂ ಕೆಂಪಿನಲ್ಲಿ ಬರೆಯಬೇಕು, ಪಕ್ಕದಲ್ಲಿ ಅಂದು ನೀರನ್ನು ಎಷ್ಟು ಗಂಟೆ ತಿರುಗಿಸಲಾಯಿತು ಎಂದು. ಫಲಕ ಮೂರು ಭಾಷೆಯಲ್ಲಿರಲಿ. ಕಚೇರಿಯ ನೋಟಿಸು ತಮಿಳಿನಲ್ಲಿ, ಮನೆಮಾತು ಕನ್ನಡ ಅಥವಾ ತೆಲುಗು, ಇದು ನಮ್ಮ ಸೀಮೆಯ ಸ್ಥಿತಿ. ಕನ್ನಡ ಮಾತಾಡುವ ಎಷ್ಟೋ ಜನ ತಮಿಳು ಶಾಲೆಯಲ್ಲಿ ಓದಿದ್ದರಿಂದ ಕನ್ನಡ ಅಕ್ಷರ ಓದಲಾರರು. ಅವರಿಗೆ ಎರಡು ನಿಮಿಷದ ಕನ್ನಡ ಧ್ವನಿ ಸಂದೇಶ ಕರಪತ್ರಕ್ಕಿಂತ ಚೆನ್ನಾಗಿ ಮುಟ್ಟುತ್ತದೆ.

ಜನ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ನೀರೂ ಇದರಲ್ಲಿ ಬರುತ್ತದೆಯೇ? ಬರುತ್ತದೆ. ಆಸ್ಪತ್ರೆ ತನ್ನಲ್ಲೇ ಮೊದಲ ಶುದ್ಧೀಕರಣ ಮಾಡಿ ಬಿಡಬೇಕು ಎಂಬ ನಿಯಮವಿದೆ, ಅದನ್ನು ಪಾಲಿಸುತ್ತಿದೆಯೇ ಎಂದು ಕೇಳುವ ಹಕ್ಕು ವಾರ್ಡಿಗಿದೆ.

ಕರೆಂಟು ಎಷ್ಟು? ಅಲ್ಟ್ರಾಫಿಲ್ಟರ್, ಆರ್‌ಓ, ಯುವಿ ಮೂರಕ್ಕೂ ಸೇರಿ ಸಾವಿರ ಲೀಟರಿಗೆ ಸುಮಾರು 1 ಯೂನಿಟ್. ಸಮುದ್ರದ ನೀರನ್ನು ಸಿಹಿ ಮಾಡಲು 3ರಿಂದ 4 ಯೂನಿಟ್. ನೂರಾರು ಮೀಟರ್ ತಗ್ಗಿನಲ್ಲಿರುವ ಹೊಗೇನಕಲ್ಲಿನಿಂದ ಎತ್ತಿ ತರಲೂ ಕರೆಂಟು ಬೇಕೇ ಬೇಕು.

ಮಳೆ ನೀರು ಹಿಡಿದರೆ ಸಾಲದೇ? ಹಿಡಿಯಲೇಬೇಕು. ಸೋರುವ ಕೊಳವೆ ಮುಚ್ಚುವುದೂ ಮೊದಲಿನ ಕೆಲಸವೇ. ಅವೆರಡನ್ನೂ ಬಿಟ್ಟು ಇದೊಂದೇ ದಾರಿ ಎನ್ನುವವರನ್ನು ಜನ ಅನುಮಾನಿಸುವುದು ಸರಿಯಾಗಿದೆ.

ನಮ್ಮ ಬೀದಿಗೆ ಮಾತ್ರ ಈ ನೀರು, ದೊಡ್ಡವರ ಬಡಾವಣೆಗೆ ಹೊಗೇನಕಲ್ ನೀರೇ? ಈ ಪ್ರಶ್ನೆಗೆ ಬಾಯಿಮಾತಿನ ಸಮಾಧಾನ ಸಾಲದು. ಬೆರೆಸುವ ಜಾಗ ಊರಿನ ಮುಖ್ಯ ಟ್ಯಾಂಕಿನಲ್ಲೇ ಇದ್ದರೆ ಎಲ್ಲರಿಗೂ ಒಂದೇ ನೀರು. ನಕ್ಷೆಯಲ್ಲಿ ಆ ಜಾಗ ತೋರಿಸಲಾಗದಿದ್ದರೆ ಅವರ ಅನುಮಾನವೇ ನಿಜ.

ಎಲ್ಲಿ ಕೆಡುತ್ತದೆ

ಹೆಚ್ಚಿನ ಕಡೆ ಕೆಟ್ಟದ್ದು ತಡವಾಗಿ ಹೇಳಿದ್ದರಿಂದ. ಆಸ್ಟ್ರೇಲಿಯಾದ ಟೂವೂಂಬಾ ಊರು ಬರದಲ್ಲಿ ಒಣಗಿದ್ದಾಗಲೂ 2006ರ ಜುಲೈ ಮತದಾನದಲ್ಲಿ ಸುಮಾರು ಶೇ 62 ಜನ ಬೇಡ ಎಂದರು. ಯೋಜನೆ ಗಟ್ಟಿಯಾದ ಮೇಲೆ ಜನರಿಗೆ ಹೇಳಿದ್ದು, ವಿರೋಧಿಗಳ ಮಾತು ಮೊದಲು ಮನೆ ಸೇರಿದ್ದು ಅಲ್ಲಿನ ಪಾಠ. ಆರೆಂಜ್ ಕೌಂಟಿಯಲ್ಲಿ ಘಟಕ ಶುರುವಾಗುವ ಸುಮಾರು ಹತ್ತು ವರ್ಷ ಮೊದಲೇ ಸಂಘ, ಚರ್ಚು, ವೈದ್ಯರ ಬಳಿಗೆ ಹೋಗಿದ್ದರು. ಟೆಂಡರು ಕರೆದ ಮೇಲೆ ನಡೆಯುವ ಜಾಗೃತಿ ಸಭೆ ಜನರಿಗೆ ಜಾಹೀರಾತಿನಂತೆ ಕಾಣುತ್ತದೆ.

ಇನ್ನೊಂದು, ನೊರೆಯ ವಿಡಿಯೊ. ಕೆಲವರಪಳ್ಳಿಯಲ್ಲಿ ನೊರೆ ಎದ್ದ ಸಂಜೆ ಅದು ಎಲ್ಲ ಮೊಬೈಲಿಗೂ ಹೋಗಿರುತ್ತದೆ, ಇದೇ ನೀರು ಕುಡಿಸುತ್ತಾರಂತೆ ಎಂಬ ಮಾತಿನೊಂದಿಗೆ. ಅಂದೇ ರಾತ್ರಿಯೊಳಗೆ ಉತ್ತರ ಹೋಗಬೇಕು: ಯಾವ ಜಾಗ, ಯಾವ ನೀರು, ಘಟಕದ ಅಂದಿನ ಐದು ಸಂಖ್ಯೆಗಳು. ಸುಳ್ಳು ಸುದ್ದಿ ನಂಬಬೇಡಿ ಎಂದಷ್ಟೇ ಬರೆದರೆ ಸುದ್ದಿಗೆ ಇನ್ನಷ್ಟು ಬಲ. ನೊರೆ ನಿಜ, ಅದರ ಮೇಲಿನ ಕೋಪವೂ ನ್ಯಾಯ ಎಂದು ಮೊದಲು ಒಪ್ಪಿ, ಆಮೇಲೆ ವಿವರಿಸಿ.

ಹಂತ 7: ಗ್ರಾಮಸಭೆಯಲ್ಲಿ ಇಡಬೇಕಾದ ಷರತ್ತುಗಳು

ತಮಿಳುನಾಡಿನಲ್ಲಿ ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1ರಂದು ಗ್ರಾಮಸಭೆ. ಮಾರ್ಚ್ 22 ವಿಶ್ವ ಜಲ ದಿನವಾದ್ದರಿಂದ ನೀರಿನ ಮಾತಿಗೆ ಅದೇ ತಕ್ಕ ದಿನ. ಒಂದು ತಿಂಗಳು ಮೊದಲು ಮಹಿಳಾ ಸಂಘಗಳಲ್ಲಿ ಮೇಜಿನ ಪ್ರಯೋಗ, ಎರಡು ವಾರ ಮೊದಲು ಘಟಕ ಭೇಟಿ ಮುಗಿಸಿಕೊಂಡು, ಸಭೆಯಲ್ಲಿ ಬೇಕು ಬೇಡ ಎಂದು ಕೈ ಎತ್ತಿಸುವ ಬದಲು ಷರತ್ತುಗಳನ್ನು ಬರೆಸಿ. ಕಾರ್ಖಾನೆಯ ಕೊಳಚೆ ಪ್ರತ್ಯೇಕ ಕೊಳವೆಯಲ್ಲಿ ಹೋಗಬೇಕು. ಪರೀಕ್ಷಾ ಘಟಕ ಕನಿಷ್ಠ ಒಂದು ವರ್ಷ, ಬೇಸಿಗೆ ಮಳೆ ಚಳಿ ಮೂರನ್ನೂ ಕಂಡು ನಡೆದಿರಬೇಕು, ಆ ವರ್ಷದ ನೀರು ತೋಟಕ್ಕೂ ಕಾರ್ಖಾನೆಗೂ ಹೋಗಲಿ. ನೀರಿನ ಪರೀಕ್ಷೆಯನ್ನು ಘಟಕ ನಡೆಸುವವರಲ್ಲದ ಬೇರೆ ಪ್ರಯೋಗಾಲಯವೂ ಮಾಡಬೇಕು. ಉಪ್ಪು ನೀರು ಹೋಗುವ ಜಾಗವನ್ನು ಕೆಳಗಿನ ರೈತರು ಒಪ್ಪಿರಬೇಕು. ಅಳತೆ ತಪ್ಪಿದ ಕೂಡಲೇ ನೀರು ತಾನೇ ತಿರುಗುವ ವಾಲ್ವು ಇರಬೇಕು, ಅದು ತಿರುಗಿದ ಸಂದೇಶ ಘಟಕದವರಿಗೆ ಹೋಗುವ ಹೊತ್ತಿಗೇ ಗ್ರಾಮದ ವಾಟರ್‌ಮನ್‌ಗೂ ವಾರ್ಡ್ ಸದಸ್ಯರಿಗೂ ಬರಬೇಕು.